ಮೂರನೆಯ ಹಾಸಿಗೆಯ ತಣ್ಣನೆಯ ಪಾದ

ಕಣ್ಣಾರೆ ನೋಡದ್ದನ್ನು ನಾನು ಯಾವತ್ತೂ ಚಾರ್ಟಿನಲ್ಲಿ ಬರೆದವಳಲ್ಲ. ಹಾಸನದ ಆಸ್ಪತ್ರೆಯೊಂದರಲ್ಲಿ ಮೂವತ್ತೆರಡು ವರ್ಷ ನರ್ಸ್ ಆಗಿದ್ದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ರಾತ್ರಿ ಪಾಳಿ. ಉಸಿರು ನಿಂತವರ ಪಕ್ಕದಲ್ಲಿ ಒಬ್ಬಳೇ ಕೂತು ಬೆಳಗು ಮಾಡಿದ್ದೇನೆ, ಹೆದರಿದ್ದಿಲ್ಲ. ಹೋದ ಚಳಿಗಾಲದಲ್ಲಿ ನಡೆದದ್ದನ್ನೂ ಆ ಶಿಸ್ತಿನಲ್ಲೇ ಬರೆಯುತ್ತೇನೆ. ಮೊದಲು ಏನಾಯಿತು, ಆಮೇಲೆ ಏನಾಯಿತು. ಯಾಕಾಯಿತು ಎಂದು ಮಾತ್ರ ಕೇಳಬೇಡಿ...

ಬೆಟ್ಟದ ಮೇಲಿನ ಕೆರೆಗೆ ಹೋಗಿ ಒಂದು ರಾತ್ರಿ ಇದ್ದು ಬರುವ ಆಸೆ ನಮ್ಮ ಮೂವರಿಗೂ ಬಹಳ ವರ್ಷಗಳದು. ನಾನು, ನನ್ನ ಜೊತೆ ನರ್ಸ್ ಆಗಿದ್ದ ಚನ್ನರಾಯಪಟ್ಟಣದ ಶಾರದಮ್ಮ, ಮತ್ತು ನಮ್ಮ ವಾರ್ಡಿನಲ್ಲಿ ಆಯಾ ಆಗಿದ್ದ ಹೊಳೆನರಸೀಪುರದ ಪುಟ್ಟಲಕ್ಷ್ಮಿ. ಕೆಲಸದಲ್ಲಿದ್ದಾಗ ಮೂವರಿಗೂ ಒಟ್ಟಿಗೆ ರಜೆ ಸಿಕ್ಕಿದ್ದೇ ಇಲ್ಲ. ಈಗ ಮೂವರಿಗೂ ನಿವೃತ್ತಿಯಾಗಿದೆ.

ಮಲ್ಲಿಪಟ್ಟಣ ದಾಟಿ ಮೇಲೆ ಹತ್ತಿದರೆ ಗುಡ್ಡದ ನೆತ್ತಿಯಲ್ಲಿ ಒಂದು ಕೆರೆ ಇದೆ. ಅದರ ದಡದಲ್ಲಿ ಹೊನ್ನೇಗೌಡರೆಂಬುವರು ಶೀಟಿನ ಮನೆ ಕಟ್ಟಿ ಬಾಡಿಗೆಗೆ ಕೊಡುತ್ತಾರೆ. ನಾನು ಫೋನ್ ಮಾಡಿ ಶನಿವಾರದ ರಾತ್ರಿಗೆ ಗೊತ್ತು ಮಾಡಿದೆ. ಯಾರ ಚೀಲದಲ್ಲಿ ಏನಿರಬೇಕು, ಎಷ್ಟು ಹೊತ್ತಿಗೆ ಹೊರಡಬೇಕು, ಮಾತ್ರೆ ಯಾವಾಗ, ಎಲ್ಲವನ್ನೂ ಪಟ್ಟಿ ಮಾಡಿ ಇಬ್ಬರಿಗೂ ಕಳಿಸಿದೆ. ಶಾರದಮ್ಮ ಕೂಡಲೇ ಫೋನ್ ಮಾಡಿದರು.

"ಅಲ್ಲಾ ಕಣ್ರೀ, ನಾವು ಕೆರೆ ನೋಡಕ್ಕೆ ಓಗ್ತಿರೋದಾ, ಇಲ್ಲಾ ಕೆರೆಗೇ ಆಪರೇಷನ್ನು ಮಾಡಕ್ಕಾ?"

ನಗಲಿಲ್ಲ ನಾನು. ಪುಟ್ಟಲಕ್ಷ್ಮಿಯ ಹೃದಯಕ್ಕೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದರು. ಅವಳ ಮಗಳು ರೇಖಾ ಹೈಸ್ಕೂಲಿನಲ್ಲಿ ಟೀಚರು, ತಾಯಿಯನ್ನು ಬಿಟ್ಟರೆ ಇನ್ನಾರೂ ಇಲ್ಲದವಳು. ಚಳಿಯಲ್ಲಿ ಬೆಟ್ಟಕ್ಕೆ ಬೇಡವೇ ಬೇಡ ಎಂದು ಹಟ ಹಿಡಿದಿದ್ದಳು. ಕಡೆಗೆ ನಾನೇ ಮಾತು ಕೊಟ್ಟೆ: ಜವಾಬ್ದಾರಿ ನನ್ನದು, ಭಾನುವಾರ ಸಂಜೆ ಆರರೊಳಗೆ ನಿಮ್ಮಮ್ಮನನ್ನು ಮನೆ ಬಾಗಿಲಿಗೆ ತಂದು ಬಿಡುತ್ತೇನೆ ಎಂದು.

ನಾನೂ ಶಾರದಮ್ಮನೂ ಹಾಸನದಿಂದ ಕಾರು ಮಾಡಿಕೊಂಡು ಹೊರಟು, ಹೊಳೆನರಸೀಪುರದಲ್ಲಿ ಪುಟ್ಟಲಕ್ಷ್ಮಿಯನ್ನು ಹತ್ತಿಸಿಕೊಂಡು, ಅರಕಲಗೂಡಿನಲ್ಲಿ ಊಟ ಮುಗಿಸಿ, ಹೊತ್ತಿಳಿಯುವ ಮೊದಲೇ ಮೇಲೆ ತಲುಪಿದೆವು. ಡ್ರೈವರ್ ನಮ್ಮನ್ನು ಇಳಿಸಿ ಮಲ್ಲಿಪಟ್ಟಣಕ್ಕೆ ವಾಪಸಾದ. ಬೆಳಿಗ್ಗೆ ಬರುವುದೆಂದು ಮಾತು.

ಕೆರೆ ಚಿಕ್ಕದು. ಅಲೆಯಿಲ್ಲ, ಕಪ್ಪೆಯ ಸದ್ದೂ ಇಲ್ಲ. ಮನೆಯಿಂದ ನೀರಿನವರೆಗೆ ನಲವತ್ತು ಕಲ್ಲು ಮೆಟ್ಟಿಲು. ಹೊನ್ನೇಗೌಡರು ಬಿಸಿ ಮುದ್ದೆ, ಅವರೆಕಾಳಿನ ಸಾರು ತಂದಿಟ್ಟು ಗುಡ್ಡದ ಆಚೆ ಬದಿಯ ತಮ್ಮ ಮನೆಗೆ ಹೋದರು. ಕೋಣೆಯ ತುಂಬ ಅವರೆಯ ಸೊಗಡು. ಒಂಬತ್ತಕ್ಕೆ ಮಲಗಿದೆವು.

ಉದ್ದನೆಯ ಒಂದೇ ಕೋಣೆ. ನೆಲದ ಮೇಲೆ ಮೂರು ಹಾಸಿಗೆ. ಕಿಟಕಿಯ ಕಡೆ ಶಾರದಮ್ಮ, ನಡುವೆ ನಾನು. ಬಚ್ಚಲಿಗೆ ಹತ್ತಿರವಾಗಲಿ ಎಂದು ಬಾಗಿಲ ಪಕ್ಕದ ಮೂರನೆಯ ಹಾಸಿಗೆಯನ್ನು ಪುಟ್ಟಲಕ್ಷ್ಮಿಗೆ ಕೊಟ್ಟೆ. ಕೊಟ್ಟವಳು ನಾನೇ.

ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಯಿತು. ಅದು ನನ್ನ ಹಳೆಯ ಅಭ್ಯಾಸ. ವಾರ್ಡಿನಲ್ಲಿ ನಾಲ್ಕು ಗಂಟೆಗೆ ಕೊನೆಯ ಸುತ್ತು ಹೊಡೆಯಬೇಕು. ರೋಗಿಗಳ ಜೀವ ಜಾರಿಬಿಡುವುದು ಹೆಚ್ಚಾಗಿ ಆ ಹೊತ್ತಿನಲ್ಲೇ. ಚಳಿಗಾಲದಲ್ಲಿ ಎಲ್ಲರೂ ತಲೆತುಂಬ ಹೊದ್ದು ಮಲಗಿರುತ್ತಾರೆ. ಮುಸುಕು ತೆಗೆದರೆ ಎಚ್ಚರವಾಗುತ್ತದೆಂದು ನಾನು ಕಾಲಿನ ಕಡೆ ಹೊದಿಕೆ ಸರಿಸಿ, ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ನೋಡುತ್ತಿದ್ದೆ. ಬೆಚ್ಚಗಿದೆ, ಮಿಡಿಯುತ್ತಿದೆ... ಮುಂದಿನ ಹಾಸಿಗೆ.

ಅಂದೂ ಹಾಗೇ ಎದ್ದೆ. ಟಾರ್ಚಿನ ಗಾಜಿಗೆ ಅಂಗೈ ಮುಚ್ಚಿ, ಬೆರಳ ಸಂದಿಯಲ್ಲಿ ಬಂದಷ್ಟೇ ಬೆಳಕಿನಲ್ಲಿ ಶಾರದಮ್ಮನ ಕಾಲ ಬಳಿ ಕೂತೆ. ಪಾದ ಬೆಚ್ಚಗಿತ್ತು. ಅವರು ನಿದ್ದೆಗಣ್ಣಲ್ಲೇ ಗೊಣಗಿದರು.

"ಮತ್ತೆ ಬಂದ್ರಾ... ಈಗ್ತಾನೆ ನೋಡ್ಕಂಡೋದ್ರಲ್ಲ..."

ಕನವರಿಕೆ ಅಂದುಕೊಂಡೆ.

ಮೂರನೆಯ ಹಾಸಿಗೆಗೆ ಬಂದೆ. ಪುಟ್ಟಲಕ್ಷ್ಮಿ ತಲೆಯ ಮೇಲೆ ಹೊದ್ದು ನೆಟ್ಟಗೆ ಮಲಗಿದ್ದಳು. ಎರಡೂ ಕಾಲು ಜೋಡಿಸಿದಂತಿತ್ತು. ಅಲ್ಲಿ ಅವರೆಯ ಸೊಗಡು ಇರಲಿಲ್ಲ. ಬೇರೆ ವಾಸನೆ... ಕೆರೆಯ ಕೆಸರಿನದು. ಅದರ ಹಿಂದೆಯೇ ಫಿನಾಯಿಲ್ ವಾಸನೆ, ಆಗಷ್ಟೇ ವಾರ್ಡು ಒರೆಸಿದ ಹಾಗೆ.

ಟಾರ್ಚನ್ನು ನೆಲದ ಮೇಲಿಟ್ಟು, ಹೊದಿಕೆ ಸರಿಸಿ ಪಾದ ಮುಟ್ಟಿದೆ. ತಣ್ಣಗಿತ್ತು. ಚಳಿಗೆ ಮರಗಟ್ಟಿದ ತಂಪಲ್ಲ, ನೀರಿನ ಅಡಿಯಿಂದ ಎತ್ತಿದ ಕಲ್ಲಿನ ತಂಪು. ಒದ್ದೆಯಾಗಿತ್ತು ಕೂಡ.

ಎರಡು ಬೆರಳಿಟ್ಟೆ. ಮಿಡಿತ ಸಿಕ್ಕಿತು. ಒಂದು ಕ್ಷಣ ಸಮಾಧಾನವಾಯಿತು. ಮರುಕ್ಷಣ ತಿಳಿಯಿತು, ಅದು ನನ್ನ ಬೆರಳಿನದೇ ಮಿಡಿತ. ಗಟ್ಟಿಯಾಗಿ ಬೆರಳೊತ್ತುವ ಹೊಸ ನರ್ಸ್‌ಗಳು ಮಾಡುವ ತಪ್ಪು ಅದು. ಎಷ್ಟು ಹುಡುಗಿಯರನ್ನು ಅದಕ್ಕಾಗಿ ಗದರಿದ್ದೇನೋ... ಕೈ ಬದಲಿಸಿ ಹಗುರವಾಗಿ ಇಟ್ಟೆ. ಏನೂ ಇಲ್ಲ.

ರೇಖಾಳ ಮುಖ ಕಣ್ಣ ಮುಂದೆ ಬಂತು. ಆದರೂ ಪೂರ್ತಿ ಒಂದು ನಿಮಿಷ ನೋಡದೆ ಇಲ್ಲ ಅನ್ನಬಾರದು. ಪಿಸುದನಿಯಲ್ಲಿ ಎಣಿಸತೊಡಗಿದೆ. ಒಂದು... ಎರಡು... ಮೂರು...

ನಲವತ್ತರ ಹತ್ತಿರ ಬಂದಿದ್ದೆ. ಉಗುರು ಒತ್ತಿ ಬಿಟ್ಟರೆ ರಕ್ತ ಮರಳುತ್ತದೆಯೇ ನೋಡೋಣವೆಂದು ಎಡಗೈಯನ್ನು ಕಾಲ್ಬೆರಳುಗಳ ಕೆಳಗೆ ಸರಿಸಿದೆ.

ಕಾಲ್ಬೆರಳುಗಳು ಮಡಚಿಕೊಂಡವು. ಮೆಲ್ಲಗೆ, ಒಂದೊಂದಾಗಿ... ಹಸುಗೂಸಿನ ಅಂಗೈಗೆ ಬೆರಳಿಟ್ಟರೆ ಹಿಡಿದುಕೊಳ್ಳುವ ಹಾಗೆ, ನನ್ನ ಬೆರಳನ್ನು ಹಿಡಿದುಕೊಂಡವು. ಬಲಗೈ ಇನ್ನೂ ನಾಡಿಯ ಮೇಲೇ ಇತ್ತು. ಅಲ್ಲಿ ಮಿಡಿತವಿರಲಿಲ್ಲ.

ಆಗ ಹೊರಗಿನಿಂದ, ಕೆಳಗೆ ಕೆರೆಯ ಕಡೆಯಿಂದ, ಪುಟ್ಟಲಕ್ಷ್ಮಿಯ ದನಿ ಕೇಳಿಸಿತು.

"ಸಿಸ್ಟ್ರೇ... ಎಲ್ಲೋದ್ರಿ?"

ಬೆರಳನ್ನು ಹೇಗೆ ಬಿಡಿಸಿಕೊಂಡೆನೋ ಗೊತ್ತಿಲ್ಲ. ಮುಸುಕು ತೆಗೆದು ಮುಖ ನೋಡಲಿಲ್ಲ. ಅದನ್ನು ಒಪ್ಪಿಕೊಳ್ಳುತ್ತೇನೆ. ಬಾಗಿಲ ಚಿಲಕ ತೆಗೆದೇ ಇತ್ತು. ಟಾರ್ಚು ಎತ್ತಿಕೊಂಡು ಹೊರಗೆ ಓಡಿದೆ.

ಮಂಜು ಎಷ್ಟಿತ್ತೆಂದರೆ ಟಾರ್ಚಿನ ಬೆಳಕು ಬರೀ ಬಿಳಿಯ ಗೋಡೆಯಾಗಿ ಕಾಣುತ್ತಿತ್ತು. ಮೆಟ್ಟಿಲನ್ನು ಕಾಲಿನಲ್ಲಿ ತಡಕುತ್ತಾ ಇಳಿದೆ. ಕೊನೆಯ ಮೆಟ್ಟಿಲಿನಾಚೆ ನೀರಿತ್ತು. ನೀರಿನಲ್ಲಿ ಸೊಂಟದವರೆಗೆ ಮುಳುಗಿ ಪುಟ್ಟಲಕ್ಷ್ಮಿ ನಿಂತಿದ್ದಳು. ಬೆನ್ನು ನನ್ನ ಕಡೆಗಿತ್ತು. ಬಲಗೈಯನ್ನು ಮುಂದಕ್ಕೆ ಚಾಚಿದ್ದಳು, ನಾಡಿ ನೋಡಲು ನರ್ಸ್‌ಗೆ ಕೈ ಕೊಟ್ಟವರ ಹಾಗೆ.

ನೀರಿಗಿಳಿದು ಅವಳ ರಟ್ಟೆ ಹಿಡಿದು ಎಳೆದೆ. ಅವಳು ತಿರುಗಿ ನೋಡಿದಳು. ಮುಖದಲ್ಲಿ ಗಾಬರಿಯಿಲ್ಲ.

"ಇಷ್ಟೊತ್ತಲ್ಲಿ ಇಲ್ಲಿಗ್ಯಾಕೆ ಬಂದೆ?" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಅಯ್ಯೋ, ನೀವೇ ಅಲ್ವ್ರಾ ಎಬ್ಬಿಸ್ಕಂಡು ಬಂದಿದ್ದು? ದಾರಿ ಉದ್ದಕೂ ನಾಡಿ ಇಡ್ಕಂಡೇ ಬಂದ್ರಿ. ಕೈ ತಣ್ಣಗಿತ್ತು ಕಣ್ರೀ, ಸೀತಕ್ಕೆ ಅಂದ್ಕಂಡೆ." ಅವಳು ಸುತ್ತ ನೋಡಿದಳು. "ಆಮೇಲೆ ಮೇಲ್ಗಡೆ ಮನೇಲಿ ನೀವು ಎಣಿಸ್ತಿದ್ದು ಕೇಳುಸ್ತು. ಅಂಗಾರೆ ಇಲ್ಲಿ ಕೈ ಇಡ್ಕಂಡಿರೋರು ಯಾರು ಅಂತ ನೋಡುದ್ರೆ... ಯಾರೂ ಇರ್ಲಿಲ್ಲ."

ನಾನು ಎಣಿಸಿದ್ದು ಪಿಸುದನಿಯಲ್ಲಿ. ಪಕ್ಕದ ಹಾಸಿಗೆಗೂ ಕೇಳಿಸುವಂತಿರಲಿಲ್ಲ. ಆ ಮಂಜಿನಲ್ಲಿ, ನಲವತ್ತು ಮೆಟ್ಟಿಲ ಕೆಳಗೆ, ಅವಳಿಗೆ ಹೇಗೆ ಕೇಳಿಸಿತೋ...

ಅವಳನ್ನು ತಬ್ಬಿಕೊಂಡೇ ಮೇಲೆ ಹತ್ತಿಸಿದೆ. ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತು ಅವಳ ನಾಡಿ ನೋಡಿದೆ. ತೊಂಬತ್ತಾರು. ಬಿಸಿಯಾದ, ಅವಸರದ, ಜೀವವಿರುವ ನಾಡಿ.

ಬಾಗಿಲಿಗೆ ಬಂದವಳು ಮೊದಲು ದೀಪ ಹಾಕಿದೆ. ಮೂರನೆಯ ಹಾಸಿಗೆಯಲ್ಲಿ ಯಾರೂ ಇರಲಿಲ್ಲ. ಹೊದಿಕೆ ಚಪ್ಪಟೆಯಾಗಿ ಹಾಸಿದಂತಿತ್ತು. ದಿಂಬು ಒಣಗಿತ್ತು. ಕಾಲಿನ ಕಡೆ ಅರ್ಧ ಹಾಸಿಗೆ ಮಾತ್ರ ಹಿಂಡಿದರೆ ನೀರಿಳಿಯುವಷ್ಟು ನೆಂದಿತ್ತು.

ಬೆಳಕಿಗೆ ಶಾರದಮ್ಮ ಎದ್ದು ಕೂತರು. ಪುಟ್ಟಲಕ್ಷ್ಮಿಯ ಸೀರೆ ಬದಲಿಸಿ, ಎರಡು ಕಂಬಳಿ ಹೊದಿಸಿ, ಬಿಸಿನೀರು ಕುಡಿಸಿದ ಮೇಲೆ ನಾನು ಅವರನ್ನು ಬಚ್ಚಲ ಕಡೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದೆ. ಮತ್ತೆ ಬಂದ್ರಾ ಅಂದ್ರಲ್ಲ, ಏನದು?

ಜೀವಮಾನವೆಲ್ಲ ನಗಿಸುತ್ತಲೇ ಇದ್ದ ಶಾರದಮ್ಮ ಅಂದು ನಗಲಿಲ್ಲ.

"ನೀವು ಎರಡು ಸಲ ಬಂದ್ರಿ ಕಣ್ರೀ. ಮೊದಲ್ನೇ ಸಲ ಕೈ ಮಂಜುಗಡ್ಡೆ ಆಗಿತ್ತು. ನನ್ ಕಾಲು ಮುಟ್ಟಿ ನೋಡುದ್ರಿ... ಬ್ಯಾಡ ಅನ್ನೋ ಅಂಗೆ ಬುಟ್ಟು, ಆ ಕಡೆ ಓದ್ರಿ."

ಬೆಳಗಾಗುವವರೆಗೂ ಮೂವರೂ ಒಂದೇ ಹಾಸಿಗೆಯಲ್ಲಿ ಕೂತಿದ್ದೆವು. ಶೀಟಿನ ಮೇಲೆ ಮಂಜಿನ ಹನಿ ಬೀಳುವ ಸದ್ದಿಗೂ ಶಾರದಮ್ಮ ನನ್ನ ಮೊಣಕೈ ಹಿಡಿಯುತ್ತಿದ್ದರು.

ಕಾಫಿ ತಂದ ಹೊನ್ನೇಗೌಡರನ್ನು ನೇರವಾಗಿಯೇ ಕೇಳಿದೆ, ಈ ಕೆರೆಯಲ್ಲಿ ಯಾರಾದರೂ ಮುಳುಗಿದ್ದಾರಾ ಎಂದು. ಅವರು ನೆಂದ ಹಾಸಿಗೆಯನ್ನು ನೋಡಿದರು, ನಮ್ಮನ್ನು ನೋಡಿದರು.

"ಇಲ್ಲ ಕಣಮ್ಮ. ನಮ್ ತಾತನ ಕಾಲದಿಂದ್ಲೂ ಒಬ್ರೂ ಸತ್ತಿಲ್ಲ. ಸತ್ತಿದ್ರೆ ಯೋಳ್ತಿದ್ದೆ."

ಯಾರೋ ಸತ್ತಿದ್ದರು ಎಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಹೆದರಲು ಒಂದು ಹೆಸರಾದರೂ ಸಿಗುತ್ತಿತ್ತು.

ಭಾನುವಾರ ಮಧ್ಯಾಹ್ನವೇ ಪುಟ್ಟಲಕ್ಷ್ಮಿಯನ್ನು ಮನೆಗೆ ಬಿಟ್ಟೆ. ರೇಖಾಳಿಗೆ ಏನೂ ಹೇಳಲಿಲ್ಲ. ಹೇಳಬೇಕಿತ್ತು. ಕಾಲು ಜಾರಿ ಸೀರೆ ನೆನೆಯಿತು ಅಂದೆ. ವೃತ್ತಿಯಲ್ಲಿ ಒಮ್ಮೆಯೂ ಸುಳ್ಳು ಬರೆಯದವಳು ಅವತ್ತು ಬಾಗಿಲಲ್ಲಿ ನಿಂತು ಸುಳ್ಳು ಹೇಳಿದೆ.

ಇದೆಲ್ಲ ಹೋದ ವರ್ಷದ ಮಾತು. ಈಗ ಬರೆಯಲು ಕಾರಣವಿದೆ.

ಹೋದ ವಾರ ರೇಖಾ ಫೋನ್ ಮಾಡಿದ್ದಳು. ಅಮ್ಮ ತುಂಬ ಗೆಲುವಾಗಿದ್ದಾರೆ, ಬಟ್ಟೆ ಕೂಡ ಜೋಡಿಸಿಕೊಂಡಿದ್ದಾರೆ, ಈ ಸಲವೂ ನೀವೇ ಕೆರೆಗೆ ಕರೆದುಕೊಂಡು ಹೋಗುತ್ತೀರಂತಲ್ಲ, ನಿಮ್ಮ ಜೊತೆಯಾದರೆ ನನಗೇನೂ ಭಯವಿಲ್ಲ ಅಂದಳು. ನನಗೆ ಆ ವಿಷಯವೇ ಗೊತ್ತಿರಲಿಲ್ಲ. ಹೊನ್ನೇಗೌಡರಿಗೆ ಫೋನ್ ಮಾಡಿದೆ. ಬರುವ ಶನಿವಾರಕ್ಕೆ ಪುಟ್ಟಲಕ್ಷ್ಮಿ ಒಬ್ಬಳ ಹೆಸರಿನಲ್ಲಿ ಮನೆ ಗೊತ್ತಾಗಿತ್ತು.

ಅವಳನ್ನೇ ಕೇಳಿದೆ. ಮೊದಲು ಗದರಿದೆ, ಆಮೇಲೆ ಬೇಡಿಕೊಂಡೆ. ಅವತ್ತು ನಿನ್ನನ್ನು ನೀರಿಗೆ ಇಳಿಸಿದ್ದು ನಾನಲ್ಲ ಎಂದು ನೂರು ಸಲ ಹೇಳಿದ್ದನ್ನೇ ಮತ್ತೆ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು. ಹಟ ಹಿಡಿದ ರೋಗಿಗಳ ಮಾತನ್ನು ನಾವು ಹಾಗೇ ಕೇಳಿಸಿಕೊಳ್ಳುತ್ತಿದ್ದೆವು. ನಾನಂತೂ ಬರುವುದಿಲ್ಲ ಅಂದೆ ಕಡೆಗೆ.

"ಪರ್ವಾಗಿಲ್ಲ ಬುಡಿ ಸಿಸ್ಟ್ರೇ," ಅಂದಳು ಮೃದುವಾಗಿ. "ನೀವು ಅಲ್ಲೇ ಇದೀರಲ್ಲ."

ರೇಖಾಳಿಗೆ ಇವತ್ತು ಎಲ್ಲವನ್ನೂ ಹೇಳಿದೆ. ಅವಳು ವಯಸ್ಸಾದವರ ಜೊತೆ ಮಾತಾಡುವ ದನಿಯಲ್ಲಿ, ರಾತ್ರಿ ನಿದ್ದೆ ಸರಿಯಾಗಿ ಬರುತ್ತಿದೆಯಾ ಎಂದು ನನ್ನನ್ನೇ ವಿಚಾರಿಸಿದಳು.

ಹಾಗಾಗಿ ನಾನೂ ಹೊರಟಿದ್ದೇನೆ. ಶನಿವಾರ ರಾತ್ರಿ ಮಲಗುವುದಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು, ಅವಳ ಕೈ ಹಿಡಿದೇ ಕೂತಿರುತ್ತೇನೆ. ಅಷ್ಟನ್ನು ಮಾಡಬಲ್ಲೆ.

ಆದರೆ ನಾಲ್ಕು ಗಂಟೆಗೆ ಹೊರಗಿನಿಂದ ನನ್ನದೇ ದನಿಯಲ್ಲಿ ಯಾರಾದರೂ ಎಣಿಸತೊಡಗಿದರೆ... ಪುಟ್ಟಲಕ್ಷ್ಮಿ ಯಾರನ್ನು ನಾನೆಂದು ನಂಬುತ್ತಾಳೋ, ಯಾರ ಕೈ ಬಿಡಿಸಿಕೊಳ್ಳುತ್ತಾಳೋ, ಅದು ನನಗೆ ಗೊತ್ತಿಲ್ಲ.