ನಾಲ್ಕು ಬೆರಳು ತಗ್ಗಿಸಿದ ಕಾರು

ಕಮ್ಮಿ ದುಡ್ಡಿಗೆ ಒಳ್ಳೆಯ ಸ್ಪೋರ್ಟ್ಸ್ ಕಾರು ಯಾವುದು ಎಂದು ಕೇಳಿಕೊಂಡು ಕೊಳ್ಳೇಗಾಲದ ನನ್ನ ವೀಲ್ ಅಲೈನ್‌ಮೆಂಟ್ ಅಂಗಡಿಗೆ ಈಗಲೂ ಜನ ಬರುತ್ತಾರೆ. ಬಾನೆಟ್ಟಿಗೆ ಪಟ್ಟೆ ಹೊಡೆಸಿ, ಹಿಂದೆ ರೆಕ್ಕೆ ಕೂರಿಸಿ, ಊರೆಲ್ಲ ಬೆಚ್ಚುವ ಸೈಲೆನ್ಸರ್ ಹಾಕಿಸಿಕೊಂಡು ಬಂದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಎಂಜಿನ್ ದೊಡ್ಡದಿರಬೇಕಾಗಿಲ್ಲ ಎನ್ನುತ್ತೇನೆ. ಕಾರು ಹಗುರವಾಗಿರಬೇಕು, ಗೇರು ಕೈಯಿಟ್ಟ ಕೂಡಲೇ ಬೀಳಬೇಕು, ರಸ್ತೆಯ ಒಂದೊಂದು ಹಳ್ಳವೂ ಸ್ಟೀರಿಂಗ್ ಹಿಡಿದ ಅಂಗೈಗೆ ತಿಳಿಯಬೇಕು. ಅರವತ್ತರ ವೇಗದಲ್ಲೇ ಮೈ ಜುಮ್ಮೆನ್ನಿಸುವ ಹಳೆಯ ಕಾರು, ನೂರೈವತ್ತರಲ್ಲೂ ನಿದ್ದೆ ಬರಿಸುವ ಹೊಸ ಕಾರಿಗಿಂತ ಮೇಲು. ಮೊದಲೆಲ್ಲ ಇನ್ನೊಂದು ಮಾತು ಸೇರಿಸುತ್ತಿದ್ದೆ, ಕಾರು ನೆಲಕ್ಕೆ ಹತ್ತಿರ ಇರಬೇಕು ಎಂದು. ಅದನ್ನು ಈಗ ಹೇಳುವುದಿಲ್ಲ.

ಆ ಮಾತನ್ನು ನಂಬಿದವನು ನನ್ನ ಗೆಳೆಯ. ಮಾಂಬಳ್ಳಿಯವನು, ಯಳಂದೂರಿನ ಶಾಲೆಯೊಂದರಲ್ಲಿ ಗುಮಾಸ್ತ. ಮೂರು ಕೈ ದಾಟಿ ಬಂದ ಒಂದು ಪುಟ್ಟ ಕಾರು ಅವನ ಪ್ರಾಣವಾಗಿತ್ತು. ಭಾನುವಾರ ಬೆಳಿಗ್ಗೆ ಇಬ್ಬರೂ ಅದರಲ್ಲಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿಬರುತ್ತಿದ್ದೆವು. ತಿರುವಿನಲ್ಲಿ ಕಾರು ವಾಲುತ್ತದೆ ಎಂದು ಅವನು ಗೊಣಗಿದಾಗ ನಾನೇ ಅಂದೆ:

"ಸ್ಪ್ರಿಂಗ್ ಕುಯ್ಸು ಕಣ್ಲಾ. ನಾಕು ಬೆರಳು ತಗ್ಗುದ್ರೆ ರೋಡ್ಗೆ ಅಂಟ್ಕಂಡು ಓಯ್ತದೆ."

ಹಳ್ಳಿ ರಸ್ತೆಗೆ ಅದು ಸರಿಯಾದೀತೇ ಎಂದು ಅವನು ಅನುಮಾನಿಸಿದ. ಹಾಗಿದ್ದರೆ ಟ್ರ್ಯಾಕ್ಟರ್ ತಗೊ ಎಂದು ಅಣಕಿಸಿದೆ. ಕೊನೆಗೆ ನನ್ನ ಅಂಗಡಿಯಲ್ಲೇ, ನನ್ನ ಕೈಯಾರೆ ಚಕ್ರಗಳ ಮೇಲಿನ ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸಿದೆ. ಮುಂದಿನ ಭಾನುವಾರ ಬೆಟ್ಟದ ತುದಿಯವರೆಗೂ ಅವನು ನಗುತ್ತಲೇ ಓಡಿಸಿದ.

ನಮ್ಮ ಕಡೆ ಸಂಕ್ರಾಂತಿಯ ಆಸುಪಾಸಿನಲ್ಲಿ ಕಿತ್ತ ಹುರುಳಿ ಗಿಡವನ್ನು ಟಾರು ರಸ್ತೆಯ ಮೇಲೆ ಹರಡುತ್ತಾರೆ. ಹೋಗಿಬರುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರುತ್ತದೆ. ಆ ವರ್ಷ ಅವನ ಹೆಂಡತಿಯೂ ಹೊಲದ ಪಕ್ಕದ ರಸ್ತೆಗೆ ಹರಡಿದ್ದಳು. ಶಾಲೆಯಿಂದ ಬಂದವನು ಅದರ ಮೇಲೆ ಕಾರು ಹತ್ತಿಸಿಕೊಂಡು ಹೋದ, ತಿರುಗಿಸಿಕೊಂಡು ಬಂದ, ಮತ್ತೆ ಹೋದ. ಎತ್ತರದ ಗಾಡಿಯಾಗಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಇವನ ಕಾರಿನ ಅಡಿಯಲ್ಲಿ ಒಣಗಿದ ಬಳ್ಳಿ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ಒತ್ತಿಕೊಂಡು ಕೂತಿತು. ಅಲ್ಲಿಂದ ಕೊಳ್ಳೇಗಾಲದ ಕಡೆ ಹೊರಟವನಿಗೆ ಬೆಂಕಿ ಕಂಡದ್ದು ಅದು ಒಳಗೆ ಬಂದ ಮೇಲೆ. ಒಂಬತ್ತನೇ ದಿನ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ.

ಹುರುಳಿಯೇ ಕೊಂದಿತು ಎಂದರು ಜನ. ಹರಡಿದವಳು ತಾನು, ಆದ್ದರಿಂದ ಕೊಂದವಳೂ ತಾನೇ ಎಂದು ಅವನ ಹೆಂಡತಿ ನಂಬಿಬಿಟ್ಟಳು. ತಿಥಿಯ ದಿನ ಅವಳ ಅತ್ತೆ ಎಲ್ಲರೆದುರು ಅದನ್ನೇ ಆಡಿದಾಗ ನಾನು ತಲೆ ತಗ್ಗಿಸಿ ಊಟ ಮಾಡಿದೆ. ಹೇಡಿ ನಾನು.

ಮೂರು ವರ್ಷವಾಯಿತು. ನಮ್ಮ ಮನೆಯಲ್ಲಿ ಹುರುಳಿ ಕಟ್ಟಿನ ಸಾರು ಮಾಡುವುದಿಲ್ಲ, ಆ ವಾಸನೆ ನನಗಾಗದು. ತಗ್ಗಿಸಿದ ಕಾರೊಂದು ಅಂಗಡಿಯ ಇಳಿಜಾರಿಗೆ ಹೊಟ್ಟೆ ಉಜ್ಜಿಕೊಂಡು ಬಂದರೆ ಒಳಗೆ ಯಾರಿದ್ದಾರೆಂದು ನೋಡಲು ಭಯವಾಗುತ್ತದೆ. ಬೆಟ್ಟದ ತಿರುವಿನಲ್ಲಿ ಒಬ್ಬನೇ ಹೋಗುವಾಗ ಪಕ್ಕದ ಸೀಟಿನಿಂದ ನಗು ಕೇಳುತ್ತದೆ. ಭ್ರಮೆಯೆಂದು ಗೊತ್ತಿದ್ದೂ ತಿರುಗಿ ನೋಡುತ್ತೇನೆ.

ಈ ಜನವರಿಯಲ್ಲಿ ಮಾಂಬಳ್ಳಿ ದಾರಿಯಲ್ಲಿ ಅವನ ಹೆಂಡತಿಯನ್ನು ಕಂಡೆ. ಬೇರೆಯವರ ಹುರುಳಿಯೆಲ್ಲ ರಸ್ತೆಯ ಮೇಲಿತ್ತು. ಅವಳೊಬ್ಬಳು ಹೊಲದಲ್ಲಿ ಟಾರ್ಪಾಲು ಹಾಸಿ ಕೋಲಿನಿಂದ ಬಡಿಯುತ್ತಿದ್ದಳು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಇನ್ನು ತಡೆಯಲಾಗಲಿಲ್ಲ. ಸ್ಪ್ರಿಂಗ್ ಕತ್ತರಿಸಿದ್ದು, ಅವನು ಅನುಮಾನಿಸಿದ್ದು, ನಾನು ಅಣಕಿಸಿದ್ದು, ಎಲ್ಲ ಹೇಳಿದೆ. ತಪ್ಪು ನಿನ್ನದಲ್ಲ, ನನ್ನದು ಎಂದೆ. ಅಷ್ಟು ಕೇಳಿದರೆ ಅವಳ ಭಾರ ಇಳಿದೀತು ಎಂದುಕೊಂಡಿದ್ದೆ.

ಕೋಲನ್ನು ಕೆಳಗಿಡದೆ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

"ತಗ್ಗುಸುದ್ ಮೇಲೆ ಚೆನ್ನಾಗ್ ಓಡ್ತಿತ್ತಾ ಅಣ್ಣ?"

ಸುಳ್ಳು ಹೇಳಬಹುದಿತ್ತು. "ಚೆನ್ನಾಗೇ ಓಡ್ತಿತ್ತು ಕಣವ್ವ. ಬೆಟ್ಟದ್ ತುದಿಗಂಟ ನಗ್ತಾನೇ ಇದ್ದ" ಎಂದೆ.

"ಬೆಟ್ಟಕ್ಕೆ ನನ್ನೂ ಒಂದ್ಸಲ ಕೂರುಸ್ಕಂಡು ಓಗಿ ಅಂತ ಅವರ್ನ ಕೇಳಿದ್ದೆ. ಉರ್ಳಿ ಮನೆ ಸೇರ್ಲಿ, ಆಮೇಲ್ ಓಗಣ ಅಂದಿದ್ರು. ಅದ್ಕೇ ಬೇಗ್ ಆಗ್ಲಿ ಅಂತ ಉರ್ಳಿ ಮೇಲೆ ಕಾರ್ ಅತ್ತುಸ್ಬುಟ್ರು."

ಅಷ್ಟು ಹೇಳಿ ಮತ್ತೆ ಬಡಿಯತೊಡಗಿದಳು. ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.