ಜಂಬೋ ಸೀಟಿನ ಸಾಹೇಬ್ರು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವಿನಿಂದ ಸೀಳಿತ್ತು. ಎಂದೋ ಹೊಲಿಗೆ ಮೆಷಿನಿನ ದಪ್ಪ ಸೂಜಿ ಅದನ್ನು ತೂರಿಕೊಂಡು ಹೋಗಿ, ಆಮೇಲೆ ಉಗುರು ಎರಡು ಹೋಳಾಗಿಯೇ ಬೆಳೆದಿತ್ತು. ರೆಕ್ಸಿನ್ನಿನ ಅಂಚನ್ನು ಆ ಸೀಳಿಗೆ ಸಿಕ್ಕಿಸಿ ಸರ್ರನೆ ಎಳೆದು ಮಡಚುತ್ತಿದ್ದರು. "ಇದು ಬೊಂಬಾಯಿ ಕೊಟ್ಟದ್ದು. ಅಂಗಡಿಯಲ್ಲಿ ಸಿಗುದಿಲ್ಲ" ಎಂದು ನಗುತ್ತಿದ್ದರು.

ಪುತ್ತೂರಿನ ದರ್ಬೆಯಲ್ಲಿ ನಾನು ಟೈಪಿಂಗ್ ಕಲಿಸುತ್ತಿದ್ದ ಕಟ್ಟಡದ ಕೆಳಗೇ ಅವರ ಅಂಗಡಿ. ಜೀಪು, ಕಾರು, ಬಸ್ಸುಗಳ ಸೀಟಿಗೆ ಕವರು ಹೊಲಿಯುವುದು ಅವರ ಕೆಲಸ. ಊರಿಗೆಲ್ಲ ಅವರು ಸೀಟಿನ ಸಾಹೇಬ್ರು. ಬೊಂಬಾಯಿಯ ವಿಮಾನ ನಿಲ್ದಾಣದಲ್ಲಿ ಹದಿನೆಂಟು ವರ್ಷ ವಿಮಾನದ ಸೀಟುಗಳಿಗೆ ಬಟ್ಟೆ ಹೊಲಿದು, ಕಣ್ಣು ಮಂಜಾಗತೊಡಗಿದ ಮೇಲೆ ಊರಿಗೆ ಬಂದ ಬ್ಯಾರಿ ಮುಸಲ್ಮಾನರು. ಎಪ್ಪತ್ತರ ದಶಕದ ಮೊದಲಲ್ಲಿ ಜಂಬೋ ವಿಮಾನ ಬಂದಾಗ ಅದರೊಳಗೆ ಟೇಪು ಹಿಡಿದು ಹೋದವರಲ್ಲಿ ತಾನೂ ಒಬ್ಬ ಎಂಬ ಹೆಮ್ಮೆ ಅವರಿಗಿತ್ತು. ಆದರೆ ಅವರು ಒಮ್ಮೆಯೂ ವಿಮಾನದಲ್ಲಿ ಹಾರಿರಲಿಲ್ಲ. ನಿಂತ ವಿಮಾನಕ್ಕೆ ಹತ್ತಿ, ನಿಂತ ವಿಮಾನದಿಂದಲೇ ಇಳಿದವರು.

ಗಲ್ಫಿನಿಂದ ರಜೆಗೆ ಬಂದವರು ವಿಮಾನದೊಳಗೆ ತೆಗೆಸಿದ ಫೋಟೋಗಳನ್ನು ಅವರಿಗೆ ತೋರಿಸಲು ತರುತ್ತಿದ್ದರು. ಯಾರು ಎಷ್ಟೇ ಬಣ್ಣಿಸಿದರೂ ಸಾಹೇಬ್ರದ್ದು ಒಂದೇ ಮಾತು: "ಮೊದಲು ಸೀಟು ಎಣಿಸುವ, ಮತ್ತೆ ಮಾತಾಡುವ." ಕನ್ನಡಕ ಹಣೆಗೇರಿಸಿ ಫೋಟೋವನ್ನು ಮೂಗಿನ ಹತ್ತಿರ ತರುತ್ತಿದ್ದರು. ನಡೆಯುವ ದಾರಿ ಒಂದೇ ಇದ್ದರೆ ಸಣ್ಣ ವಿಮಾನ, ಎರಡು ಇದ್ದರೆ ದೊಡ್ಡದು. ಜಂಬೋದ ಸಾದಾ ಕ್ಲಾಸಿನಲ್ಲಿ ಮೊದಮೊದಲು ಒಂದು ಸಾಲಿಗೆ ಮೂರು, ನಾಲ್ಕು, ಎರಡು ಎಂದು ಒಂಬತ್ತು ಸೀಟು. ಆಮೇಲೆ ಆ ಎರಡನ್ನೂ ಮೂರು ಮಾಡಿ ಹತ್ತು ತುರುಕಿದರು. "ಜನರ ಸೊಂಟ ಸಣ್ಣದಾದದ್ದಲ್ಲ ಮಾರಾಯ್ರೆ, ಸೀಟು ಸಣ್ಣದಾದದ್ದು" ಎನ್ನುವರು. ಮೂಗಿನ ಭಾಗ ಮೊದಲ ಕ್ಲಾಸಿನವರದ್ದು. ಅಲ್ಲಿ ಎರಡೆರಡೇ ಸೀಟು. ಮುಂದೆ ಹೋದಂತೆ ಎರಡು ಕಡೆಯ ಗೋಡೆಯೂ ಬಾಗಿ ಹತ್ತಿರ ಬರುತ್ತದೆ. ಅಲ್ಲಿಂದ ಸುತ್ತು ಮೆಟ್ಟಿಲು ಹತ್ತಿದರೆ ಮಾಳಿಗೆ, ಸೋಫಾ.

ಒಮ್ಮೆ ಮಗಳ ಹೆರಿಗೆಗೆಂದು ದುಬಾಯಿಗೆ ಹೊರಟಿದ್ದ ಅಜ್ಜಿಯೊಬ್ಬರು ಹೆದರಿ ಕೂತಿದ್ದರು. ಸಾಹೇಬ್ರು ಅಂಗಡಿಯ ಜಗಲಿಯಲ್ಲಿ ಬಸ್ಸಿನ ಹಳೆಯ ಸೀಟುಗಳನ್ನು ಮೂರು, ನಾಲ್ಕು, ಮೂರು ಎಂದು ಜೋಡಿಸಿ, ಅವರನ್ನು ನಡೆಸಿ, ಕೂರಿಸಿ, ಬೆಲ್ಟಿನ ಬದಲು ಗೋಣಿಹಗ್ಗ ಕಟ್ಟಿ ಕಲಿಸಿದರು. ಮೇಲಿನ ಕಿಟಕಿಯಲ್ಲಿ ನಿಂತು ನಾನೂ ನನ್ನ ವಿದ್ಯಾರ್ಥಿನಿಯರೂ ಹೊಟ್ಟೆ ಹಿಡಿದು ನಕ್ಕೆವು. ಅಜ್ಜಿ ಮಾತ್ರ ಎದೆಯೆತ್ತಿ ಮನೆಗೆ ಹೋದರು.

ನನಗೆ ಇಪ್ಪತ್ತನಾಲ್ಕು ನಡೆಯುವಾಗ ಸುಳ್ಯದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಬೊಂಬಾಯಿಯಲ್ಲಿ. ಮಾತುಕತೆಗೆ ಬೆಟ್ಟಂಪಾಡಿಯ ನಮ್ಮ ಮನೆಗೆ ಬಂದವರು ಅವನ ಸೋದರಮಾವ. "ವಿಮಾನದ ಇಂಜಿನಿಯರ್. ಕಂಪನಿಯವರು ಕಳಿಸುದೇ ಮೊದಲ ಕ್ಲಾಸಿನಲ್ಲಿ" ಎಂದು ಒಂದು ಫೋಟೋ ಮುಂದಿಟ್ಟರು. ಅಗಲ ಸೀಟಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತ ಯುವಕ, ಸ್ವಲ್ಪ ನಾಚಿಕೆಯ ನಗು. ಅಪ್ಪ ಆ ಫೋಟೋವನ್ನು ಎರಡು ದಿನ ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದರು. ನನಗೂ ಆ ನಗು ಹಿಡಿಸಿತ್ತು. ಸಾಹೇಬ್ರ ಬಾಯಿಂದ ನಾಲ್ಕು ಒಳ್ಳೆಯ ಮಾತು ಕೇಳುವ ಆಸೆಯಿಂದ ಅದನ್ನು ಅಂಗಡಿಗೆ ಒಯ್ದೆ.

"ಮೂಗಿನ ಭಾಗವೇ. ಗೋಡೆ ಬಾಗಿದ್ದುಂಟು, ಎರಡೆರಡು ಸೀಟು ಉಂಟು" ಎಂದರು. ನಾನು ಹಿಗ್ಗಿದೆ. ಆದರೆ ಅವರು ಫೋಟೋ ಹಿಂದಕ್ಕೆ ಕೊಡಲಿಲ್ಲ. ಬಹಳ ಹೊತ್ತು ನೋಡಿ ಕೇಳಿದರು, "ಯಾರು ಮಗಳೇ ಇದು?"

ಹೇಳಿದೆ. ಇಂಜಿನಿಯರ್ ಎಂಬುದನ್ನೂ ಹೇಳಿದೆ.

"ನೋಡು, ತಲೆ ಇಡುವಲ್ಲಿ ಬಿಳಿ ಬಟ್ಟೆ ಇಲ್ಲ. ತೊಳೆಯಲಿಕ್ಕೆ ತೆಗೆದದ್ದು. ಹಿಂದಿನ ಸಾಲಿನ ಸೀಟುಗಳಲ್ಲಿ ಬೆಲ್ಟನ್ನು ಅಡ್ಡಡ್ಡ ಇಟ್ಟಿದ್ದಾರೆ. ಗುಡಿಸಿ ಒರೆಸಿ ಆದ ಸೀಟಿಗೆ ಹಾಗೆ ಇಡುದು. ಇದು ನಿಂತ ವಿಮಾನ. ಆ ಹೊತ್ತಿಗೆ ಮೊದಲ ಕ್ಲಾಸಿನಲ್ಲಿ ಇರುದು ಗುಡಿಸುವವರೇ. ಹುಡುಗ ಕ್ಲೀನಿಂಗಿನವ ಅಂತ ನನಗೆ ಕಾಣುದು."

"ಹಾಗಾದ್ರೆ ಸುಳ್ಳಾ?"

"ಫೋಟೋ ಎಂತ ಸುಳ್ಳು ಹೇಳ್ಲಿಲ್ಲ. ತಂದವರು ಹೇಳಿದ್ದು."

ಫೋಟೋ ಹರಿಯಲು ಕೈಹಾಕಿದೆ. ಅವರು ತಡೆದರು. ಮೆಷಿನಿನ ಡ್ರಾಯರಿನಿಂದ ಇನ್ನೊಂದು ಫೋಟೋ ತೆಗೆದರು. ಅಂಥದ್ದೇ ಅಗಲ ಸೀಟು, ಅದರಲ್ಲಿ ಕಪ್ಪು ಗಡ್ಡದ ಸಾಹೇಬ್ರು.

"ನಾನೂ ಕೂತಿದ್ದೇನೆ. ಇದನ್ನು ಹೆಂಡತಿಗೆ ಕಳಿಸಿದೆ. ಗಂಡ ವಿಮಾನದಲ್ಲಿ ತಿರುಗುವವ ಅಂತ ಅವಳು ಇಡೀ ಊರಿಗೆ ಹೇಳಿದಳು. ನಾನು ಅಲ್ಲ ಅನ್ನಲಿಲ್ಲ. ನಾಲ್ಕು ವರ್ಷ ಕಳೆದು ನಿಜ ಹೇಳುವಾಗ ಅವಳು ಎರಡು ದಿನ ಮಾತಾಡ್ಲಿಲ್ಲ. ಹೊಲಿಯುವ ಕೆಲಸಕ್ಕಲ್ಲ, ಹೇಳದೆ ಇದ್ದದ್ದಕ್ಕೆ." ಆಮೇಲೆ ಮೆಲ್ಲಗೆ ಹೇಳಿದರು, "ಈ ಹುಡುಗ ಎಂಥವ ಅಂತ ಸೀಟು ನೋಡಿ ನನಗೆ ಗೊತ್ತಾಗುದಿಲ್ಲ. ಅವನಿಗೇ ಬರೆದು ಕೇಳು. ಎಂತ ಉತ್ತರ ಬರ್ತದೆ ನೋಡು. ಅಪ್ಪನಿಗೆ ಆಮೇಲೆ ಹೇಳಿದ್ರೆ ಸಾಕು."

ಮದುವೆ ನಿಶ್ಚಯವಾಗದ ಹುಡುಗಿ ಹುಡುಗನಿಗೆ ಪತ್ರ ಬರೆಯುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಫೋಟೋದ ಹಿಂದೆ ಬರೆದಿದ್ದ ಬೊಂಬಾಯಿಯ ವಿಳಾಸಕ್ಕೆ ಶಾಲೆಯಲ್ಲೇ ಕೂತು ಟೈಪ್ ಮಾಡಿದೆ. ಫೋಟೋ ತೆಗೆದ ದಿನ ನೀವು ವಿಮಾನದೊಳಗೆ ಯಾವ ಕೆಲಸಕ್ಕೆ ಹೋಗಿದ್ದಿರಿ ಎಂದಷ್ಟೇ ಕೇಳಿದೆ. ಉತ್ತರ ಟೈಪಿಂಗ್ ಶಾಲೆಯ ವಿಳಾಸಕ್ಕೇ ಬಂತು. ಕ್ಲೀನಿಂಗ್ ತಂಡದಲ್ಲಿದ್ದೇನೆ, ಸಂಜೆ ಕಾಲೇಜಿಗೆ ಹೋಗುತ್ತಿದ್ದೇನೆ, ಇಂಜಿನಿಯರ್ ಎಂದು ಮಾವ ಹೇಳಿದ್ದು ನನಗೆ ತಿಳಿದಿರಲಿಲ್ಲ ಎಂದಿತ್ತು. ಕೊನೆಯಲ್ಲಿ ಹೀಗೆ ಬರೆದಿದ್ದರು: "ನಿಮಗೆ ಬೇಡವಾದರೆ ನಾನೇ ಒಪ್ಪಲಿಲ್ಲವೆಂದು ನಿಮ್ಮ ತಂದೆಯವರಿಗೆ ತಿಳಿಸುತ್ತೇನೆ. ಮಾತು ನಿಮ್ಮ ಮೇಲೆ ಬರುವುದು ಬೇಡ."

ಆ ಸಾಲು ಓದಿದ ಮೇಲೆ ನಾನು ಅತ್ತಿತ್ತ ನೋಡಲಿಲ್ಲ. ಮನೆಯಲ್ಲಿ ಪತ್ರ ತೋರಿಸಿ, ಇವರನ್ನೇ ಆಗುತ್ತೇನೆ ಎಂದು ಹೇಳಿಬಿಟ್ಟೆ. ಅಪ್ಪ ಕೆಂಡವಾದರು. ಮನೆಯಲ್ಲಿ ಮಾತು ನಿಂತಿತು. ಸುದ್ದಿ ತಿಳಿದ ಸಾಹೇಬ್ರು ಒಂದು ಭಾನುವಾರ ಬಸ್ಸು ಹಿಡಿದು ಬೆಟ್ಟಂಪಾಡಿಗೆ ಬಂದರು. ನಮ್ಮ ಜೀಪಿನ ಸೀಟು ಹೊಲಿದವರಾದ್ದರಿಂದ ಅಪ್ಪನಿಗೆ ಅವರ ಮೇಲೆ ಗೌರವವಿತ್ತು. ಚಾವಡಿಯ ಕುರ್ಚಿಯಲ್ಲಿ ಕೂರಿಸಿ, ಎಳನೀರು ಕೊಡಿಸಿದರು.

"ಸಾಹೇಬ್ರೆ, ನೀವೇ ಹೇಳಿ. ಕಸ ಗುಡಿಸುವವನಿಗೆ ಮಗಳನ್ನು ಕೊಡುದಾ?"

"ಧಣಿಗಳೇ, ಅವ ಒರೆಸುವ ಸೀಟನ್ನೇ ನಾನು ಹದಿನೆಂಟು ವರ್ಷ ಹೊಲಿದದ್ದು. ನೀವು ನನ್ನನ್ನು ಕುರ್ಚಿಯಲ್ಲಿ ಕೂರಿಸಿದಿರಿ."

ಅಪ್ಪ ಎಲೆಯಡಿಕೆಯ ತಟ್ಟೆಯನ್ನು ಸಾಹೇಬ್ರತ್ತ ಸರಿಸಿದರು.

"ಸುಳ್ಳು ಹೇಳಿದ್ದು ಮಾವ. ಹುಡುಗ ಕೇಳಿದ್ದಕ್ಕೆ ನಿಜ ಬರೆದಿದ್ದಾನೆ. ಬರೆಯದೆ ಇರಬಹುದಿತ್ತು. ಬೊಂಬಾಯಿಯಲ್ಲಿ ಅವ ಎಂತ ಮಾಡ್ತಾನೆ ಅಂತ ಇಲ್ಲಿ ಯಾರು ನೋಡ್ಲಿಕ್ಕೆ ಹೋಗ್ತಾರೆ?"

ಅಪ್ಪ ಅಂದು ಒಪ್ಪಲಿಲ್ಲ. ಆದರೆ ಸಾಹೇಬ್ರನ್ನು ಬಸ್ ನಿಲ್ದಾಣದವರೆಗೆ ನಡೆದು ಬಿಟ್ಟು ಬಂದರು. ನಾಲ್ಕು ತಿಂಗಳ ಮೇಲೆ ತಾವೇ ಬೊಂಬಾಯಿಗೆ ಹೋಗಿ ಹುಡುಗನನ್ನು ಕಂಡು, ಅವನ ಕೋಣೆಯಲ್ಲೇ ಮೂರು ದಿನ ಇದ್ದು, ಮುಹೂರ್ತ ಇಡಿಸಿಕೊಂಡು ಬಂದರು.

ಮದುವೆಯಾಗಿ ಐದಾರು ವರ್ಷಗಳಾಗಿರಬೇಕು. ಸಾಹೇಬ್ರು ಹಜ್ಜಿಗೆ ಹೊರಟರು. ಬೊಂಬಾಯಿಯಿಂದ ವಿಮಾನ. ನಮ್ಮ ಒಂದೇ ಕೋಣೆಯ ಮನೆಯಲ್ಲಿ ಎರಡು ದಿನ ಉಳಿದರು. ಅಷ್ಟರಲ್ಲಿ ನನ್ನ ಗಂಡ ಡಿಗ್ರಿ ಮುಗಿಸಿ ಕ್ಲೀನಿಂಗ್ ತಂಡದ ಮೇಲ್ವಿಚಾರಕರಾಗಿದ್ದರು. ಸಾಹೇಬ್ರನ್ನು ನಿಲ್ದಾಣಕ್ಕೆ ಕರೆದೊಯ್ದು ಬಿಟ್ಟದ್ದು ಇವರೇ. ಸಾಹೇಬ್ರು ಹಜ್ಜಿನಿಂದ ಹಿಂದಿರುಗಿ ಬಂದ ದಿನ ನಾನು ಕುತೂಹಲ ತಡೆಯಲಾರದೆ ಕೇಳಿದೆ, "ಜಂಬೋವಾ ಸಾಹೇಬ್ರೆ? ಒಂಬತ್ತಾ, ಹತ್ತಾ?"

ಅವರು ಮಗುವಿನಂತೆ ನಕ್ಕರು. "ಎಣಿಸ್ಲೇ ಇಲ್ಲ ಮಗಳೇ. ಕಿಟಕಿ ಸಿಕ್ಕಿತ್ತು. ಮೋಡ ಕೆಳಗೆ ಉಂಟು, ಗೊತ್ತುಂಟಾ ನಿನಗೆ?"

ಅದಾಗಿ ಎರಡು ವರ್ಷಕ್ಕೆ ಅವರು ತೀರಿಕೊಂಡರು. ಸುದ್ದಿ ತಂದದ್ದು ಅಪ್ಪನ ಇನ್‌ಲ್ಯಾಂಡ್ ಪತ್ರ. ಹವೆ, ತೋಟ, ದನಗಳ ಬಗ್ಗೆ ಒಂದು ಪುಟ ತುಂಬಿಸುವ ಅಪ್ಪ ಈ ಸಲ ಬರೆದದ್ದು ಆರೇಳು ಸಾಲು. ಸಾಹೇಬ್ರು ಹೋದರು, ಅಂಗಡಿಯಲ್ಲೇ ಎದೆನೋವು ಬಂತಂತೆ. ತಾನು ಪುತ್ತೂರಿಗೆ ಹೋಗಿ ಮಸೀದಿಯವರೆಗೆ ನಡೆದೆ, ದಾರಿಯಲ್ಲಿ ಕೇಳಿಕೊಂಡು ಸ್ವಲ್ಪ ದೂರ ಹೆಗಲು ಕೊಟ್ಟೆ ಎಂದು ಬರೆದಿದ್ದರು. ಕೆಳಗೆ, ಜಾಗ ಸಾಲದೆ ಅಂಚಿನಲ್ಲಿ ಅಡ್ಡವಾಗಿ ಹೀಗಿತ್ತು: "ನಿನ್ನ ಮದುವೆ ಮಾಡಿದ್ದು ಅವರು. ನಾನು ಊಟ ಹಾಕಿಸಿದ್ದು ಅಷ್ಟೆ."

ಗಂಡ ಕೆಲಸಕ್ಕೆ ಹೊರಟು ನಿಂತಿದ್ದರು. ಪತ್ರ ಓದಿ, ಚಪ್ಪಲಿ ಕಳಚಿ ಒಳಗೆ ಬಂದು ನನ್ನ ಪಕ್ಕ ಕೂತರು.