ಅಪ್ಪಾಜಿಯ ನೀಲಿ ‘ಇ’, ನನ್ನ ನರಿ

ಕಳೆದ ವಾರ ನಮ್ಮ ಶಾಲೆಗೆ ಒಂದು ಹೊಸ ಕಂಪ್ಯೂಟರ್ ಬಂತು. ಪೆಟ್ಟಿಗೆ ಒಡೆದು, ವಯರುಗಳನ್ನೆಲ್ಲ ಸಿಕ್ಕಿಸಿ, ಇಂಟರ್ನೆಟ್ ತೆರೆಯೋಣ ಎಂದು ಕೂತರೆ, ಪುಟ ಬರುವ ಮೊದಲೇ ಅದರಲ್ಲೇ ಬಂದಿದ್ದ ಬ್ರೌಸರಿನ ಒಂದು ಸಣ್ಣ ಚೌಕ ಎದ್ದು ನಿಂತು, ಇನ್ನು ಮುಂದೆ ಎಲ್ಲಕ್ಕೂ ನನ್ನನ್ನೇ ಬಳಸುತ್ತೀರಾ ಎಂದು ಕೇಳಿತು. ಬೇಡ ಎಂದೆ. ನನಗೆ ರೂಢಿಯಿರುವ ಇನ್ನೊಂದು ಬ್ರೌಸರನ್ನು ಇಳಿಸಿಕೊಳ್ಳಲು ಹೊರಟರೆ ಮತ್ತೊಂದು ಚೌಕ: ನಾನಿರುವಾಗ ಅದೇಕೆ, ಅದು ಮಾಡುವುದನ್ನೆಲ್ಲ ನಾನೂ ಮಾಡುತ್ತೇನಲ್ಲ! ಮದುವೆ ಮನೆಯಲ್ಲಿ ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲೇ ಪಾಯಸ ಸುರಿಯುವವರು ಇರುತ್ತಾರೆ ನೋಡಿ, ಆ ಪೈಕಿ. ಸಿಟ್ಟು ಬರಬೇಕಿತ್ತು, ನಗು ಬಂತು. ಯಾಕೆಂದರೆ ಒಂದು ಕಾಲದಲ್ಲಿ ಶಿವಮೊಗ್ಗದ ವಿನೋಬನಗರದಲ್ಲಿ ಈ ಒತ್ತಾಯದ ಕೆಲಸವನ್ನು, ಯಾರೂ ಕೇಳದಿದ್ದರೂ, ನಾನೇ ಮಾಡುತ್ತಿದ್ದೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ನನ್ನ ಬಿ.ಎಸ್‌ಸಿ., ಬಿ.ಎಡ್. ಎರಡೂ ಮುಗಿದಿದ್ದವು. ಎರಡೂ ಎಂದು ಒತ್ತಿ ಹೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಅಪ್ಪಾಜಿಯ ಓದು ಏಳನೇ ಕ್ಲಾಸಿಗೆ ನಿಂತಿತ್ತು. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಹಾಳೆ ವಿಂಗಡಿಸುವ ವಿಭಾಗದಲ್ಲಿ ಅವರ ಕೆಲಸ. ಕಾಗದನಗರದ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಕಲೆ ಬಿದ್ದ ಹಾಳೆ, ಸುಕ್ಕಾದ ಹಾಳೆ, ಮೂಲೆ ಹರಿದ ಹಾಳೆ ತೆಗೆದು ತೆಗೆದು ಅವರಿಗೆ ಒಂದು ಅಭ್ಯಾಸವಾಗಿತ್ತು. ಕೈಗೆ ಬಂದ ಯಾವ ಕಾಗದವನ್ನೂ ಎರಡು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ಮೊದಲಿಂದ ಕೊನೆಯವರೆಗೆ ಓದದೆ ಕೆಳಗಿಡುತ್ತಿರಲಿಲ್ಲ. ಕಡಲೆಕಾಯಿ ಕಟ್ಟಿದ ಪೊಟ್ಟಣವೂ ಸೇರಿ.

ನಾನು ವಿನೋಬನಗರದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಬೆಳಿಗ್ಗೆ ಭದ್ರಾವತಿಯಿಂದ ಬಸ್ಸು, ಸಂಜೆ ವಾಪಸ್ಸು. ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಮುಂಚೆ ಒಂದು ಗಂಟೆ ಶಾರದಕ್ಕನ ಬ್ರೌಸಿಂಗ್ ಸೆಂಟರಿನಲ್ಲಿ ಕೂರುವುದು ನನ್ನ ಚಟ. ಸೆಂಟರು ಎಂದರೆ ಅವರ ಮನೆಯ ಮುಂದಿನ ಕೋಣೆ, ಅಷ್ಟೇ. ಐದು ಕಂಪ್ಯೂಟರು, ನಡುವೆ ಪ್ಲೈವುಡ್ಡಿನ ತಡಿಕೆ, ಒಳಗಿನಿಂದ ಬರುವ ಒಗ್ಗರಣೆಯ ವಾಸನೆ. ಶಾರದಕ್ಕ ಸೊಪ್ಪು ಬಿಡಿಸುತ್ತಲೇ ಮೌಸ್ ಸರಿಮಾಡಿ ಕೊಡುತ್ತಿದ್ದರು.

ಅಲ್ಲಿ ಯಾರೂ ಬ್ರೌಸರುಗಳನ್ನು ಅವುಗಳ ಹೆಸರಿನಿಂದ ಕರೆಯುತ್ತಿರಲಿಲ್ಲ. ಪರದೆಯ ಮೇಲಿನ ಚಿತ್ರವೇ ಹೆಸರು. ನೀಲಿ ‘ಇ’ ಒಂದು. ಕೆಂಪು ‘ಓ’ ಇನ್ನೊಂದು. ಭೂಮಿಯನ್ನು ಬಾಲದಲ್ಲಿ ಸುತ್ತಿಕೊಂಡು ಮಲಗಿದ್ದ ಕಿತ್ತಳೆ ಬಣ್ಣದ ನರಿ ಮೂರನೆಯದು. ಬಂದವರ ಮುಖ ನೋಡಿಯೇ ಶಾರದಕ್ಕ, “ನೀವು ಮೂರನೇದಕ್ಕೆ ಹೋಗಿ, ಅದ್ರಲ್ಲಿ ಓ ಇದೆ” ಎಂದು ಹಂಚುತ್ತಿದ್ದರು. ನಿವೃತ್ತ ಅಂಚೆ ಗುಮಾಸ್ತರೊಬ್ಬರು ನೀಲಿ ‘ಇ’ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಅದು ಬ್ರೌಸರ್ ಅಲ್ಲವೇ ಅಲ್ಲ, ಅದೇ ಇಂಟರ್ನೆಟ್ಟು. ಉಳಿದವು ಯಾರೋ ಮಾಡಿದ ನಕಲು. ಅಡಿಕೆ ಮಂಡಿಯಿಂದ ಧಾರಣೆ ನೋಡಲು ಬರುತ್ತಿದ್ದವರಿಗೆ ಕೆಂಪು ‘ಓ’ ಬೇಕು. ಚಿತ್ರಗಳನ್ನೆಲ್ಲ ಬಿಟ್ಟು ಬರೀ ಅಕ್ಷರ, ಅಂಕಿ ತರಿಸುವ ಗುಂಡಿ ಅದರಲ್ಲಿ ಕೈಗೆ ಸಿಗುವಂತಿತ್ತು. ಆಗಿನ ಲೈನಿನಲ್ಲಿ ಒಂದು ಫೋಟೋ ಇಳಿಯುವಷ್ಟರಲ್ಲಿ ಧಾರಣೆಯೇ ಇಳಿದಿರುತ್ತಿತ್ತು. ನಮ್ಮಂಥ ಓದಿದವರದು ನರಿ. ಒಂದೇ ಕಿಟಕಿಯಲ್ಲಿ ಆರೇಳು ಪುಟ ಸಾಲಾಗಿ ತೆರೆದಿಟ್ಟು, ಒಂದು ಬರುವ ತನಕ ಇನ್ನೊಂದನ್ನು ಓದಬಹುದಿತ್ತು. ಬೇಡದ ಜಾಹೀರಾತು ಎದುರಿಗೆ ಹಾರುತ್ತಿರಲಿಲ್ಲ.

ಈಗ ಯೋಚಿಸಿದರೆ ಎಲ್ಲರ ಕಾರಣವೂ ಸರಿಯಾಗಿಯೇ ಇತ್ತು. ಆಗ ನನ್ನ ಕಾರಣ ಮಾತ್ರ ಸರಿ ಎನಿಸಿತ್ತು. ಹೊಸದಾಗಿ ಕಾಫಿ ಬಿಟ್ಟವರು ಕಂಡವರಿಗೆಲ್ಲ ಕಾಫಿ ಬಿಡಿ ಎನ್ನುವ ಹಾಗೆ ನಾನು ನರಿಯ ಪ್ರಚಾರಕ್ಕೆ ಇಳಿದೆ. ಅಂಚೆ ಗುಮಾಸ್ತರಿಗೂ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, “ಮೂವತ್ತು ವರ್ಷ ಒಂದೇ ಕೌಂಟರಲ್ಲಿ ಕೂತೋನು ನಾನು. ಈಗ ಕೌಂಟರ್ ಬದ್ಲಾಯಿಸು ಅಂತೀಯಲ್ಲ ತಾಯಿ” ಎಂದರು.

ಒಮ್ಮೆ ವಾರದ ರಜೆಯ ದಿನ ಅಪ್ಪಾಜಿಯನ್ನು ಕರೆದುಕೊಂಡು ಹೋದೆ. ಮಗಳು ದಿನಾ ಒಂದು ಗಂಟೆ ಎಲ್ಲಿ ಕೂರುತ್ತಾಳೆ ಎಂದು ನೋಡುವ ಕುತೂಹಲ ಅವರಿಗೆ. ಶಾರದಕ್ಕ ನೀಲಿ ‘ಇ’ಯಲ್ಲಿ ಒಂದು ಕನ್ನಡ ದಿನಪತ್ರಿಕೆ ತೆರೆದುಕೊಟ್ಟರು. ಅಪ್ಪಾಜಿ ಅಭ್ಯಾಸಬಲದಿಂದ ಪರದೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿದರು.

“ಕಾಗದ ಇಲ್ದೇನೇ ಪೇಪರ್ರು! ಹಿಂಗಾದ್ರೆ ನಮ್ ಕಾರ್ಖಾನೆ ಕಥೆ ಏನು ಮಾರಾಯ್ತಿ?” ಎಂದು ಶಾರದಕ್ಕನ ಕಡೆ ನೋಡಿ ನಕ್ಕರು. ನಗು ಅರ್ಧ, ಯೋಚನೆ ಅರ್ಧ. ಆಮೇಲೆ ಓದುತ್ತಾ ಕೂತವರು ನಿಧನವಾರ್ತೆಯ ತನಕ ಏಳಲಿಲ್ಲ.

ನಾನು ಸುಮ್ಮನಿರಬೇಕಿತ್ತು. “ಅಪ್ಪಾಜಿ, ನನ್ನದರಲ್ಲಿ ನೋಡಿ, ಇನ್ನೂ ಚೆನ್ನಾಗಿರುತ್ತೆ” ಎಂದು ಅದೇ ಪತ್ರಿಕೆಯನ್ನು ನರಿಯಲ್ಲಿ ತೆರೆದೆ. ಇಂಗ್ಲಿಷ್ ಅಕ್ಷರ, ಕಂಸ, ಬಾಲದ ಚುಕ್ಕೆ, ಡಾಲರು ಗುರುತು ಎಲ್ಲ ಕಲಸಿ ಎರಚಿದ ಹಾಗೆ ಬಂತು. ಅಪ್ಪಾಜಿ ತಲೆಯನ್ನು ಆ ಕಡೆ ಒಮ್ಮೆ ಈ ಕಡೆ ಒಮ್ಮೆ ಓಲಿಸಿ ನೋಡಿದರು.

“ಶಾಯಿ ತುಳಿದ ಇರುವೆ ಓಡಾಡ್ದಂಗಿದೆ. ನಿನ್ ನರಿಗೆ ಕನ್ನಡ ಬರಲ್ಲ ಬಿಡಮ್ಮ.”

“ಕಲಿಯುತ್ತೆ ಅಪ್ಪಾಜಿ.”

“ಕಲೀಲಿ. ಅಲ್ಲಿವರೆಗೂ ನಂಗೆ ಇದೇ ಇರಲಿ.”

ವಿಷಯ ಇಷ್ಟೇ. ಆಗಿನ ಎಷ್ಟೋ ಕನ್ನಡ ಪುಟಗಳು ತಮ್ಮ ಅಕ್ಷರಗಳನ್ನು ಗಂಟು ಕಟ್ಟಿಕೊಂಡು ಜೊತೆಗೇ ತರುತ್ತಿದ್ದವು. ಆ ಗಂಟು ಬಿಚ್ಚುವ ಬಗೆ ನೀಲಿ ‘ಇ’ಗೆ ಮಾತ್ರ ಗೊತ್ತಿತ್ತು. ತಪ್ಪು ನರಿಯದಲ್ಲ ಎಂದು ಬಸ್ಸಿನಲ್ಲಿ ಭದ್ರಾವತಿ ಬರುವ ತನಕ ಅಪ್ಪಾಜಿಗೆ ವಿವರಿಸಿದೆ. ಅವರು ಕಿಟಕಿಗೆ ಒರಗಿ ನಿದ್ದೆ ಮಾಡಿದರು.

ಅದಾಗಿ ಎರಡು ತಿಂಗಳಿಗೆ ಶಾರದಕ್ಕನ ಎರಡು ಕಂಪ್ಯೂಟರು ವೈರಸ್ ಬಡಿದು ಮಲಗಿದವು. ನನಗೆ ಇಷ್ಟೇ ಸಾಕಾಗಿತ್ತು. ಎಲ್ಲ ಅನಿಷ್ಟವೂ ನೀಲಿ ‘ಇ’ಯ ಬಾಗಿಲಿಂದಲೇ ಒಳಗೆ ಬರುವುದು, ಅದನ್ನು ತೆಗೆಸಿಬಿಡಿ ಎಂದು ಹಿಂದೆ ಬಿದ್ದೆ. ಶಾರದಕ್ಕ, “ಏನಾದ್ರೂ ಮಾಡ್ಕೋ ಮಾರಾಯ್ತಿ, ನನ್ ತಲೆ ತಿನ್ಬೇಡ” ಎಂದರು. ಒಂದು ಸಂಜೆ ಕೂತು ಐದೂ ಯಂತ್ರಗಳಿಂದ ನೀಲಿ ‘ಇ’ಯನ್ನು ಕಿತ್ತುಹಾಕಿದೆ. ಕಿತ್ತದ್ದು ಬರೀ ಚಿತ್ರವನ್ನು, ಅದು ಒಳಗೆ ಹಾಗೇ ಇತ್ತು ಎನ್ನುವುದು ವಿಜ್ಞಾನದ ಟೀಚರಿಗೆ ಗೊತ್ತಿರಲಿಲ್ಲ. ಅಂಚೆ ಗುಮಾಸ್ತರು ಅಂದಿನಿಂದ ಬೇರೆ ಸೆಂಟರಿಗೆ ಹೋದರು. ನನಗೆ ಬೇಜಾರಾಗಲಿಲ್ಲ. ಗೆದ್ದೆ ಎನಿಸಿತು. ಈಗ ಬರೆಯುವಾಗ ಕಿವಿ ಬಿಸಿಯಾಗುತ್ತದೆ.

ಅದೇ ಹೊತ್ತಿಗೆ ನಾನು ಪ್ರೌಢಶಾಲಾ ಶಿಕ್ಷಕರ ಸರಕಾರಿ ಹುದ್ದೆಗೆ ಅರ್ಜಿ ಹಾಕಿ ಕಾಯುತ್ತಿದ್ದೆ. ಅಂಕಗಳು ಚೆನ್ನಾಗಿದ್ದವು. ಈ ಕೆಲಸ ನಮ್ಮ ಮನೆಗೆ ಎಷ್ಟು ದೊಡ್ಡದು ಎಂದು ಹೇಳುವುದು ಬೇಡ. ಅಪ್ಪಾಜಿ ಪಾಳಿಯಿಂದ ಬಂದವರು ಚಪ್ಪಲಿ ಬಿಡುವ ಮೊದಲು ಕೇಳುತ್ತಿದ್ದುದು, “ಪಟ್ಟಿ ಬಂತಾ?” ಎಂದು.

ಒಂದು ಗುರುವಾರ ಪಟ್ಟಿ ಬಂತು. ಜಾಲತಾಣದಲ್ಲಿ ಆಯ್ಕೆಯಾದವರ ಪಟ್ಟಿಯನ್ನೂ ತಿರಸ್ಕೃತರ ಪಟ್ಟಿಯನ್ನೂ ಹಾಕಿದ್ದಾರಂತೆ ಎಂದು ಜೊತೆಯ ಟೀಚರೊಬ್ಬರು ಹೇಳಿದರು. ಅಪ್ಪಾಜಿಗೆ ಅಂದು ರಜೆ. ಫೋನು ಮಾಡಿದ್ದೇ ತಡ, ಬಸ್ಸು ಹತ್ತಿ ಬಂದುಬಿಟ್ಟರು. ಇಬ್ಬರೂ ಶಾರದಕ್ಕನಲ್ಲಿಗೆ ಹೋಗಿ ಎರಡನೇ ಯಂತ್ರದ ಮುಂದೆ ಕೂತೆವು.

ನರಿ ಪುಟವನ್ನು ತಂದಿತು. ಮತ್ತೆ ಅದೇ ಇರುವೆ ಮೆರವಣಿಗೆ. ಅಂಕಿಗಳು ಮಾತ್ರ ಅಂಕಿಗಳಾಗಿಯೇ ಇದ್ದವು. ಎರಡು ಪಟ್ಟಿ, ಒಂದರ ಕೆಳಗೊಂದು. ಮೊದಲನೆಯದರಲ್ಲಿ ನನ್ನ ಸಂಖ್ಯೆ ಇರಲಿಲ್ಲ. ಎರಡನೆಯದರಲ್ಲಿ ಇತ್ತು. ಅದರ ತಲೆಬರಹ, ಅದರ ಕೆಳಗಿನ ನಾಲ್ಕು ಸಾಲು, ನನ್ನ ಸಂಖ್ಯೆಯ ಎದುರಿನ ಷರಾ, ಯಾವುದೂ ಓದಲು ಬರಲಿಲ್ಲ. ಬರಬೇಕಾದ ಅಗತ್ಯವೂ ಕಾಣಲಿಲ್ಲ. ಮೊದಲನೆಯದು ಆಯ್ಕೆ ಎಂದಾದ ಮೇಲೆ ಎರಡನೆಯದು ಏನೆಂದು ಯಾರಾದರೂ ಹೇಳಬಹುದು.

“ಏಳಿ ಅಪ್ಪಾಜಿ, ಹೋಗೋಣ.”

“ಏನಂತೆ?”

“ಆಗಿಲ್ಲ.”

ಅಪ್ಪಾಜಿ ಏಳಲಿಲ್ಲ. ಪರದೆಗೆ ಮುಖ ಹತ್ತಿರ ತಂದರು. “ಎಲ್ಲಿ ಬರ್ದಿದಾರೆ ಆಗಿಲ್ಲ ಅಂತ? ಓದು.”

“ಓದೋಕೆ ಬರ್ತಿಲ್ಲ ಅಪ್ಪಾಜಿ. ಆದ್ರೂ ಗೊತ್ತಾಗುತ್ತೆ.”

“ಓದದೇ ಹೆಂಗ್ ಗೊತ್ತಾಗುತ್ತೆ? ಇಷ್ಟುದ್ದ ಬರ್ದಿದಾರೆ. ಬರೀ ಆಗಿಲ್ಲ ಅನ್ನೋಕೆ ಇಷ್ಟು ಬರೀತಾರಾ?”

ನನ್ನ ಎರಡು ಡಿಗ್ರಿಗಳೂ ಆ ಪ್ಲೈವುಡ್ಡಿನ ಗೂಡಿನಲ್ಲಿ ನನ್ನ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದವು. ಏಳನೇ ಕ್ಲಾಸಿನ ಅಪ್ಪ ಕನ್ನಡ ಓದಿ ಹೇಳು ಎನ್ನುತ್ತಿದ್ದಾರೆ, ಮಗಳಿಗೆ ಆಗುತ್ತಿಲ್ಲ. “ಆ ನೀಲಿದ್ರಲ್ಲಿ ಹಾಕಮ್ಮ” ಎಂದರು. ಅದಿಲ್ಲ, ನಾನೇ ತೆಗೆದೆ ಎನ್ನುವಾಗ ನನ್ನ ದನಿ ಒಡೆಯಿತು.

ಶಾರದಕ್ಕ ಎಲ್ಲ ಕೇಳಿಸಿಕೊಂಡಿದ್ದರು. ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದು ಬಂದರು.

“ಬೈಯಲ್ಲ ಅಂದ್ರೆ ಒಂದು ಮಾತು ಹೇಳ್ತೀನಿ ಕಣೇ. ನನ್ ಸಿಸ್ಟಮ್ಮಲ್ಲಿ ಇದೆ ಅದು.”

“ಅದರಲ್ಲೂ ತೆಗೆದಿದ್ನಲ್ಲ ಅಕ್ಕ?”

“ನೀನು ತೆಗ್ದೆ. ನಮ್ಮನೆಯವರ ಹತ್ರ ಮತ್ತೆ ಹಾಕಿಸ್ಕೊಂಡೆ. ದಿನಭವಿಷ್ಯ ನೋಡ್ದೆ ಒಲೆ ಹಚ್ಚಿದೋಳಲ್ಲ ನಾನು. ನಿನ್ ನರೀಲಿ ನನ್ ರಾಶೀನೇ ಗುರುತು ಸಿಗ್ಲಿಲ್ಲ. ನಿಂಗೆ ಬೇಜಾರಾದೀತು ಅಂತ ‘ರಂಗೋಲಿ’ ಅಂತ ಒಂದು ಫೋಲ್ಡರ್ ಮಾಡಿ ಒಳಗಿಟ್ಟಿದ್ದೆ.”

ರಂಗೋಲಿಯ ಒಳಗಿಂದ ನೀಲಿ ‘ಇ’ ಹೊರಬಂತು. ಪುಟ ಮೇಲಿನಿಂದ ನಿಧಾನವಾಗಿ, ಒಂದೊಂದು ಸಾಲಾಗಿ ಕನ್ನಡವಾಯಿತು. ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅಪ್ಪಾಜಿ ಬೆರಳಿಟ್ಟು, ಶಾಲೆಯ ಹುಡುಗನ ಹಾಗೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಲು ಶುರುಮಾಡಿಯಾಗಿತ್ತು. “ದಾಖಲೆಗಳು... ಅಪೂರ್ಣವಾಗಿರುವ... ಅರ್ಹ ಅಭ್ಯರ್ಥಿಗಳು.” ಅಲ್ಲಿಗೆ ನಿಲ್ಲಿಸಿ ನನ್ನ ಕಡೆ ತಿರುಗಿ, “ಅರ್ಹ ಅಂತ ಇದೆ” ಎಂದರು. ನನ್ನ ಸಂಖ್ಯೆಯ ಎದುರು: ಒಂದರಿಂದ ನಾಲ್ಕನೇ ತರಗತಿಯ ಕನ್ನಡ ಮಾಧ್ಯಮದ ಪ್ರಮಾಣಪತ್ರ ಇಲ್ಲ. ಶನಿವಾರ ಮಧ್ಯಾಹ್ನದೊಳಗೆ ತಂದುಕೊಡದಿದ್ದರೆ ಅರ್ಜಿ ತಿರಸ್ಕೃತ. ತಿರಸ್ಕೃತರ ಪಟ್ಟಿ ಆ ಪುಟದಲ್ಲಿ ಇರಲೇ ಇಲ್ಲ. ಜೊತೆಯ ಟೀಚರು ಯಾರೋ ಹೇಳಿದ್ದನ್ನು ಹೇಳಿದ್ದರು, ನಾನು ಅದನ್ನು ನಂಬಿ ಎದ್ದು ಹೊರಟಿದ್ದೆ.

ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ ಎಂದು ಸಾಬೀತು ಮಾಡಿ ಎನ್ನುವ ಮಾತನ್ನು ಕನ್ನಡದಲ್ಲಿ ಓದಲಾಗದೆ ಬಿಟ್ಟು ಹೋಗುತ್ತಿದ್ದೆ ನೋಡಿ. ಈ ಸಂಗತಿಯನ್ನು ನಾನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ.

ಶುಕ್ರವಾರ ಅಪ್ಪಾಜಿ ಪಾಳಿ ಬದಲಾಯಿಸಿಕೊಂಡರು. ಕಾಗದನಗರದಲ್ಲಿ ನಾನು ಅ ಆ ತಿದ್ದಿದ ಶಾಲೆಗೆ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ಹೋಗಿ ನಿಂತೆವು. ಮುಖ್ಯೋಪಾಧ್ಯಾಯಿನಿ ಹಳೆಯ ದಾಖಲಾತಿ ಪುಸ್ತಕ ಹುಡುಕಿಸಿದರು. ಅದರ ಹಾಳೆ ತಿರುವುವಾಗಲೂ ಅಪ್ಪಾಜಿ, “ಇದು ನಮ್ದೇ ಕಾಗದ” ಎಂದರು. ಪ್ರಮಾಣಪತ್ರ, ಅದಕ್ಕೆ ಮೊಹರು, ಮೇಲಿನ ಕಚೇರಿಯ ಇನ್ನೊಂದು ರುಜು, ಎಲ್ಲ ಮುಗಿಯುವಾಗ ಸಂಜೆ ನಾಲ್ಕೂವರೆ. ಶನಿವಾರ ಶಿವಮೊಗ್ಗದಲ್ಲಿ ಅದನ್ನು ತೆಗೆದುಕೊಂಡ ಗುಮಾಸ್ತೆ, ನನ್ನ ಹೆಸರಿನ ಮುಂದೆ ಟಿಕ್ ಹಾಕಿ, “ಇನ್ನೂ ಎಷ್ಟೋ ಜನ ಬಂದೇ ಇಲ್ಲ ನೋಡಿ. ಅಷ್ಟು ಸ್ಪಷ್ಟವಾಗಿ ಬರ್ದಿದೀವಿ, ಓದೋದೇ ಇಲ್ಲ ಜನ” ಎಂದರು. ಅವರಲ್ಲಿ ನರಿಯ ಕಡೆಯವರು ಎಷ್ಟಿದ್ದರೋ!

ಕಚೇರಿಯಿಂದ ಹೊರಗೆ ಬಂದವಳು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಪ್ಪಾಜಿ ಸ್ವೀಕೃತಿ ಚೀಟಿಯನ್ನು ಬೆಳಕಿಗೆ ಹಿಡಿದು, ಮೇಲಿಂದ ಕೆಳಗಿನವರೆಗೆ ಓದಿ, ಮಡಿಸಿ ಜೇಬಿಗಿಟ್ಟರು. “ಮಸಾಲೆ ದೋಸೆ ತಿನ್ನೋಣ್ವಾ?” ಎಂದರು. ನರಿಯ ಮಾತನ್ನು ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಸೋಮವಾರ ನಾನೇ ಹೋಗಿ ಐದೂ ಯಂತ್ರಗಳಲ್ಲಿ ನೀಲಿ ‘ಇ’ಯನ್ನು ಮೊದಲಿದ್ದ ಜಾಗದಲ್ಲಿ ಕೂರಿಸಿದೆ. ಅಂಚೆ ಗುಮಾಸ್ತರ ಮನೆ ಹುಡುಕಿಕೊಂಡು ಹೋಗಿ ಹೇಳಿ ಬಂದೆ. ಅವರು ಕಾಫಿ ಕೊಟ್ಟರು, ಸೆಂಟರಿಗೆ ಮಾತ್ರ ಮತ್ತೆ ಬರಲಿಲ್ಲ.

ಆ ಕೆಲಸ ನನಗೆ ಸಿಕ್ಕಿತು. ನರಿಯೂ ಕನ್ನಡ ಕಲಿಯಿತು. ಎಲ್ಲವೂ ಕಲಿತವು. ಪುಟಗಳೂ ತಮ್ಮ ಗಂಟು ಹೊರುವುದನ್ನು ಬಿಟ್ಟು ಎಲ್ಲರಿಗೂ ತಿಳಿಯುವ ಅಕ್ಷರಕ್ಕೆ ಬಂದವು. ನೀಲಿ ‘ಇ’ಯೇ ಕಾಣದಾಯಿತು. ನನ್ನ ಶಾಲೆಯ ಮಕ್ಕಳು ಯಾವುದರಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಬರುತ್ತದೆ. ಹೀಗೆ ಆಗುವುದೊಂದು ನೆಮ್ಮದಿ ಎಂದು ಅವರಿಗೆ ಹೇಳಿದರೆ ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ.

ನಿವೃತ್ತಿಯಾದ ಮೇಲೆ ಅಪ್ಪಾಜಿ ಶಿವಮೊಗ್ಗದ ನವುಲೆಯ ಮನೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಮೊನ್ನೆ ಭಾನುವಾರ ಜಗುಲಿಯಲ್ಲಿ ಕೂತು ಮೊಬೈಲಿನಲ್ಲಿ ಸುದ್ದಿ ಓದುತ್ತಿದ್ದರು. ಅದರಲ್ಲಿರುವುದು ನನಗೆ ಕಂಡರಾಗದ ಒಂದು ಬ್ರೌಸರು. ಎಲ್ಲಿ ಮುಟ್ಟಿದರೂ ಜಾಹೀರಾತು. ಕೈ ತಡೆಯಲಿಲ್ಲ. “ಕೊಡಿ ಇಲ್ಲಿ” ಎಂದು ಇಸಿದುಕೊಂಡೆ. ಅದನ್ನು ಅಳಿಸಲು ಬೆರಳಿಟ್ಟವಳು ಹಾಗೇ ನಿಂತೆ.

“ಅಪ್ಪಾಜಿ, ಇದರಲ್ಲಿ ಅಕ್ಷರ ಸರಿಯಾಗಿ ಕಾಣ್ತಾವಾ ನಿಮಗೆ?”

“ಕಾಣ್ತಾವೆ. ಯಾಕೆ, ನಿಂಗೆ ಕಾಣ್ತಿಲ್ವಾ?”

ಕಾಣುತ್ತಿದ್ದವು. ಪಕ್ಕದಲ್ಲಿ ಕೂತು, ಅವರು ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದ, ಜೋರಾಗಿ ಓದಿ ಹೇಳತೊಡಗಿದೆ.